ಚೀಟಿ ಕಳಿಸುವ ಮೊದಲು

ತಂಗೀ, ಸಾಮಾನನ್ನು ಮನೆಗೇ ತರಿಸಿಕೊಂಡರೆ ಅತ್ತೆ ಏನೆಂದುಕೊಳ್ಳುತ್ತಾರೋ ಎಂದು ಕೇಳಿದ್ದೀಯಲ್ಲ, ಮೊದಲು ಆ ಅಳುಕನ್ನು ಬಿಡು. ಕೋಡಿಬಾಗದ ಬಾಡಿಗೆ ಮನೆ, ಅಂಬೆಗಾಲು ಬಿಟ್ಟು ಓಡಲು ಕಲಿತ ಮಗು, ಪಾಳಿಯ ಮೇಲೆ ದುಡಿಯುವ ಗಂಡ, ಮೇಲೆ ನಿನ್ನ ಕಚೇರಿ. ಇಷ್ಟರ ನಡುವೆ ಸಂಜೆ ಹೊತ್ತು ಮಗುವನ್ನು ಸೊಂಟಕ್ಕೇರಿಸಿಕೊಂಡು ಗ್ರೀನ್ ಸ್ಟ್ರೀಟಿನ ಜನಜಂಗುಳಿಯಲ್ಲಿ ಬೇಳೆ, ಸಕ್ಕರೆಗಾಗಿ ನಿಲ್ಲಲೇಬೇಕೆಂದು ಯಾವ ಶಾಸ್ತ್ರವೂ ಹೇಳಿಲ್ಲ. ಸಾಮಾನು ಮನೆಬಾಗಿಲಿಗೆ ಬರುವುದು ನಮ್ಮ ಕಡೆ ಹೊಸತೇನೂ ಅಲ್ಲ. ತಲೆಯ ಮೇಲೆ ಮೀನುಬುಟ್ಟಿ ಹೊತ್ತು ಬರುವವರು, ಬೆಳಗಾಗುವುದರೊಳಗೆ ಹರಿವೆ, ಬಸಳೆಯ ಕಟ್ಟು ತಂದು ಜಗಲಿಯ ಮೇಲೆ ಇಳಿಸುವ ಹಾಲಕ್ಕಿ ಹೆಂಗಸರು, ಸೈಕಲ್ ಹಾರ್ನ್ ಒತ್ತುತ್ತ ಪಾವ್ ತರುವವರು, ಇವರಿಂದ ಕೊಂಡೇ ನಿನ್ನ ಅತ್ತೆಯೂ ಸಂಸಾರ ನಡೆಸಿದ್ದು. ಆದರೆ ಆ ಬುಟ್ಟಿ ಅವರ ಕಣ್ಣೆದುರೇ ಇಳಿಯುತ್ತಿತ್ತು, ಆರಿಸುವ ಕೈ ಅವರದೇ ಆಗಿತ್ತು. ಈಗ ನಿನ್ನ ಪರವಾಗಿ ಆರಿಸುವವನು ಅಂಗಡಿಯ ಹುಡುಗ. ಯಾವುದನ್ನು ಅವನ ಕೈಗೆ ಬಿಡಬಹುದು, ಯಾವುದಕ್ಕೆ ನೀನೇ ಹೋಗಬೇಕು ಎಂದು ತಿಳಿದುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಯಾರು ಆರಿಸಿದರೂ ಒಂದೇ ಇರುವ ಸಾಮಾನನ್ನು ಧಾರಾಳವಾಗಿ ತರಿಸು. ಸಕ್ಕರೆ, ಚಹಾಪುಡಿ, ಎಣ್ಣೆ, ಉಪ್ಪು, ಸೋಪು, ಮಗುವಿನ ಬಿಸ್ಕೀಟು, ಪಾತ್ರೆ ತೊಳೆಯುವ ಪುಡಿ, ಇವುಗಳಿಗೆ ಪೇಟೆಗೆ ಹೋಗುವುದು ಹೊತ್ತು ಹಾಳು. ಬೇಳೆಯೂ ಸರಿ. ಕುಚ್ಚಲಕ್ಕಿಯ ಮಾತು ಮಾತ್ರ ಬೇರೆ. ಒಂದೇ ಹೆಸರಿನ ಚೀಲದಲ್ಲಿ ಒಮ್ಮೆ ಬಂದ ಅಕ್ಕಿ ಗಂಜಿಗೆ ಹದವಾಗಿ ಅರಳಿದರೆ, ಮತ್ತೊಮ್ಮೆ ಬಂದದ್ದು ಗಂಟೆಗಟ್ಟಲೆ ಕುದಿದರೂ ಗಟ್ಟಿ ಕೂತಿರುತ್ತದೆ. ಹೊಸ ಚೀಲ ತರಿಸುವ ಮೊದಲು ಅರ್ಧ ಕಿಲೋ ತರಿಸಿ ಬೇಯಿಸಿ ನೋಡು. ಒಪ್ಪಿಗೆಯಾದರೆ ಅದೇ ಲೋಡಿನ ಚೀಲವನ್ನು ತೆಗೆದಿಡಲು ಹೇಳು. ಒಳ್ಳೆಯ ಅಂಗಡಿಯವರು ಇದಕ್ಕೆ ಬೇಸರಿಸುವುದಿಲ್ಲ.

ಇನ್ನು ಚೀಟಿಯ ವಿಚಾರ. ವಾಟ್ಸಾಪ್‌ನಲ್ಲಿ ‘ರವೆ, ಅವಲಕ್ಕಿ, ಸೌತೆಕಾಯಿ’ ಎಂದಷ್ಟೇ ಬರೆದರೆ, ಬಂದದ್ದು ಬೇಡವೆನ್ನುವ ಹಕ್ಕು ನಿನಗೆ ಉಳಿಯುವುದಿಲ್ಲ. ರವೆ ದಪ್ಪವೋ ಸಣ್ಣವೋ, ಅವಲಕ್ಕಿ ತೆಳುವೋ ಗಟ್ಟಿಯೋ, ಹಸಿ ತಿನ್ನುವ ಎಳೆ ಸೌತೆಯೋ ಹುಳಿಗೆ ಹಾಕುವ ಮೊಗೆಕಾಯಿಯೋ, ಎಷ್ಟು, ಯಾವ ಕಂಪನಿಯದು, ಎಲ್ಲವೂ ಚೀಟಿಯಲ್ಲಿರಲಿ. ಕೇಳಿದ್ದು ಇಲ್ಲದಿದ್ದರೆ ಏನು ಮಾಡಬೇಕೆಂದೂ ಬರೆ. ‘ಇಲ್ಲದಿದ್ದರೆ ಯಾವುದಾದರೂ ನಡೆಯುತ್ತದೆ’, ‘ಇಲ್ಲದಿದ್ದರೆ ಬೇಡ’ ಎಂಬ ಎರಡೇ ಮಾತು ಎಷ್ಟೋ ಮನಸ್ತಾಪ ತಪ್ಪಿಸುತ್ತದೆ. ಮಗುವಿನ ಹಾಲಿನಪುಡಿಯ ಮುಂದೆ ‘ಇಲ್ಲದಿದ್ದರೆ ಫೋನ್ ಮಾಡಿ’ ಎಂದೇ ಇರಬೇಕು. ಕಾಗದದ ಮೇಲೆ ಬರೆದು ಫೋಟೊ ಕಳಿಸುವುದಾದರೆ ಅಕ್ಷರ ದಪ್ಪವಾಗಿರಲಿ. ಒಂದಾದ ಮೇಲೊಂದು ನಾಲ್ಕಾರು ಧ್ವನಿ ಸಂದೇಶ ಕಳಿಸಬೇಡ, ತೂಕದ ನಡುವೆ ಅವನ್ನು ತಿರುತಿರುಗಿ ಕೇಳುತ್ತ ನಿಲ್ಲಲು ಅವರಿಗೆ ಪುರಸೊತ್ತು ಇರುವುದಿಲ್ಲ. ಬೆಳಿಗ್ಗೆ ಅಂಗಡಿ ತೆಗೆದ ಸ್ವಲ್ಪ ಹೊತ್ತಿಗೆ ಚೀಟಿ ತಲುಪಿದರೆ ಗಿರಾಕಿ ಕಡಿಮೆ ಇರುವಾಗ ನಿಧಾನವಾಗಿ ಕಟ್ಟುತ್ತಾರೆ. ಭಾನುವಾರ ಕಾರವಾರದ ಸಂತೆ. ಅಂದು ಪೇಟೆ ರಸ್ತೆಯಲ್ಲಿ ಗಾಡಿ ಮುಂದೆ ಹೋಗುವುದೇ ಕಷ್ಟ, ಆ ದಿನ ಮನೆಗೆ ತಂದುಕೊಡಿ ಎಂದು ಒತ್ತಾಯಿಸಬೇಡ.

ಸಾಮಾನು ಬಂದ ಕೂಡಲೇ ಚೀಲವನ್ನು ಮೂಲೆಗಿಟ್ಟು ಬೇರೆ ಕೆಲಸಕ್ಕೆ ಹೋಗಬೇಡ. ಬಿಲ್ಲನ್ನು ಒಂದು ಕೈಯಲ್ಲಿ ಹಿಡಿದು ಒಂದೊಂದೇ ಹೊರಗಿಡು. ರವೆ, ಹಿಟ್ಟು, ಅವಲಕ್ಕಿಯ ಪ್ಯಾಕೆಟ್ಟನ್ನು ಕಿಟಕಿಯ ಬೆಳಕಿಗೆ ಹಿಡಿದು ಮೂಲೆಗಳನ್ನು ನೋಡು. ಕಾಳು ಕಾಳು ಅಂಟಿಕೊಂಡು ಸಣ್ಣ ಬಲೆಯ ಎಳೆ ಕಂಡರೆ ಒಳಗೆ ಹುಳ ಹುಟ್ಟಿದೆ ಎಂದೇ ಅರ್ಥ, ತೆರೆಯದೆ ವಾಪಸು ಕೊಡು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸು, ಕಣ್ಣಿನ ಸುತ್ತ ಒದ್ದೆಯಿದ್ದರೆ ಬೇಡವೆನ್ನು. ಮೊಟ್ಟೆಯನ್ನು ತಂದವನು ಅಲ್ಲಿರುವಾಗಲೇ ಎಣಿಸಿಕೋ. ಪ್ಯಾಕೆಟ್ಟಿನ ದಿನಾಂಕ ಅಳಿಸಿಹೋಗಿದ್ದರೆ, ಮೇಲೆ ಇನ್ನೊಂದು ಚೀಟಿ ಅಂಟಿಸಿದ್ದರೆ ಅದನ್ನು ಇಟ್ಟುಕೊಳ್ಳಬೇಡ. ಆನ್‌ಲೈನ್ ಮಾರಾಟಗಾರರಿಗೆ ಆಹಾರ ಸುರಕ್ಷತಾ ಪ್ರಾಧಿಕಾರ 2024ರ ನವೆಂಬರಿನಲ್ಲೇ ಹೇಳಿದೆ: ಪದಾರ್ಥ ಗಿರಾಕಿಯ ಕೈ ಸೇರುವಾಗ ಅದರ ಬಾಳಿಕೆಯ ಅವಧಿಯಲ್ಲಿ ಶೇ 30ರಷ್ಟು, ಇಲ್ಲವೇ ಅವಧಿ ಮುಗಿಯಲು 45 ದಿನವಾದರೂ ಬಾಕಿ ಇರಬೇಕು. ಅಗ್ಗಕ್ಕೆ ಸಿಕ್ಕಿತೆಂದು ನಾಳೆ ಅವಧಿ ಮುಗಿಯುವ ಡಬ್ಬಿಯನ್ನು ಒಪ್ಪಿಕೊಳ್ಳಬೇಕಾಗಿಲ್ಲ. ಮುದ್ರಿತ ಬೆಲೆಗಿಂತ ಹೆಚ್ಚು ಕೇಳುವಂತೆಯೂ ಇಲ್ಲ. ಮನೆಗೆ ತಲುಪಿಸಿದ ಕೂಲಿ ಇದ್ದರೆ ಅದನ್ನು ಬಿಲ್ಲಿನಲ್ಲಿ ಬೇರೆಯಾಗಿ ಕಾಣಿಸಲಿ. ಮಾತಿನಲ್ಲಿ ಬಗೆಹರಿಯದ ತಕರಾರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಊರ ಅಂಗಡಿಯ ಜೊತೆ ಆ ತನಕ ಹೋಗುವ ಪ್ರಸಂಗ ಬರುವುದು ಕಡಿಮೆ.

ಮೀನನ್ನು ಮಾತ್ರ ಫೋನಿನಲ್ಲಿ ತರಿಸಬೇಡ. ಇದನ್ನು ನಾನು ಸ್ವಲ್ಪ ಹಟದಿಂದಲೇ ಹೇಳುತ್ತೇನೆ. ಸಮುದ್ರ ಮನೆಯಿಂದ ಕೂಗಳತೆಯಲ್ಲಿದೆ, ಕಾಳಿ ನದಿ ಅಲ್ಲೇ ಕಡಲು ಸೇರುತ್ತದೆ. ಅಂಥ ಊರಲ್ಲಿದ್ದು, ಕತ್ತರಿಸಿ ಪ್ಲಾಸ್ಟಿಕ್ಕಿನಲ್ಲಿ ಕಟ್ಟಿದ ಇಸ್ವಾಣದ ತುಂಡನ್ನು ಯಾಕೆ ನಂಬಬೇಕು? ಬಂಗಡೆಯ ಕಿವಿರು ಎತ್ತಿದರೆ ಕೆಂಪಗಿರಬೇಕು, ಕಣ್ಣು ಉಬ್ಬಿ ಹೊಳೆಯಬೇಕು, ಹೊಟ್ಟೆ ಒತ್ತಿದರೆ ಗುಳಿ ಬಿದ್ದು ಹಾಗೇ ಉಳಿಯಬಾರದು. ಬಳಚು ಕೊಳ್ಳುವಾಗ ಚಿಪ್ಪು ಬಿಗಿಯಾಗಿ ಮುಚ್ಚಿರಬೇಕು. ಬಾಯಿ ಬಿಟ್ಟದ್ದನ್ನು ತಟ್ಟಿ ನೋಡು, ಜೀವವಿದ್ದರೆ ಮುಚ್ಚಿಕೊಳ್ಳುತ್ತದೆ, ಮುಚ್ಚದಿದ್ದರೆ ತೆಗೆದುಹಾಕು. ಇದನ್ನು ನಿನ್ನ ಬದಲು ಯಾರೂ ಮಾಡಲಾರರು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತದೆ. ಆಗ ಪೇಟೆಯಲ್ಲಿ ದೊಡ್ಡ ಮೀನು ರಾಶಿಯಾಗಿ ಕಂಡರೆ ಎಲ್ಲಿಂದ ಬಂತು, ಮಂಜುಗಡ್ಡೆಯಲ್ಲಿ ಎಷ್ಟು ದಿನ ಇತ್ತು ಎಂದು ಕೇಳಿಯೇ ಕೊಳ್ಳು. ಮೀನು ಮಾರುವ ಹೆಂಗಸಿನ ಜೊತೆ ಬಳಕೆ ಇಟ್ಟುಕೊಂಡಿದ್ದರೆ ಅವಳೇ ‘ಇವತ್ತು ಬೇಡ’ ಎಂದು ಹೇಳುತ್ತಾಳೆ. ಆ ಮಾತು ಯಾವ ಆಪಿನಲ್ಲೂ ಬರುವುದಿಲ್ಲ.

ಸೊಪ್ಪೂ ಹಾಗೆಯೇ. ಬಟಾಟೆ, ನೀರುಳ್ಳಿ ಚೀಟಿಯಲ್ಲಿ ಬರಲಿ. ಬಸಳೆ, ಬದನೆ, ಬೆಂಡೆಯನ್ನು ಎದುರು ಕೂತು ಕೊಳ್ಳು. ನಮ್ಮ ಅಂಕೋಲೆಯ ಕರಿ ಇಶಾಡ ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು, ಈಗ ದೂರದೂರಿನವರೂ ಫೋನ್ ಮಾಡಿ ಕೇಳುತ್ತಾರೆ. ಅದರ ಸಿಪ್ಪೆ ತೆಳು, ತುಂಬ ದಿನ ತಾಳುವ ಹಣ್ಣಲ್ಲ. ಮೇ ತಿಂಗಳಲ್ಲಿ ಊರಿಗೆ ಬಂದಾಗ ಬುಟ್ಟಿಯಿಂದಲೇ ಆರಿಸು. ಇಂದಿಗೆ ಎರಡು, ನಾಳಿದ್ದಿಗೆ ನಾಲ್ಕು ಎಂದು ಹೇಳಿದರೆ ಮಾರುವವರೇ ಮುಟ್ಟಿ ನೋಡಿ ತೆಗೆದುಕೊಡುತ್ತಾರೆ.

ಕಚೇರಿಯಿಂದ ಬರುವಾಗ ನೀನೇ ಎತ್ತಿಕೊಂಡು ಬರುವುದು ಮನೆಗೆ ತರಿಸುವುದಕ್ಕಿಂತ ಎಷ್ಟೋ ಸಲ ಅನುಕೂಲ. ಮಧ್ಯಾಹ್ನ ಚೀಟಿ ಕಳಿಸು, ‘ಐದೂವರೆಗೆ ಬರುತ್ತೇನೆ, ಕಟ್ಟಿಡಿ’ ಎನ್ನು. ಆದರೆ ಸ್ಕೂಟಿಯ ಮೇಲೆ ಕೂತೇ ಚೀಲ ತೂಗುಹಾಕಿಸಿಕೊಂಡು ಹೊರಡಬೇಡ. ಪಕ್ಕದ ಅಂಗಡಿಯ ಬಾಗಿಲಿಗೆ ಅಡ್ಡವಾಗದಂತೆ ಗಾಡಿ ನಿಲ್ಲಿಸಿ, ಇಳಿದು, ಕಟ್ಟೆಯ ಮೇಲೆ ಚೀಲ ಬಿಚ್ಚಿಸಿ ನೋಡು. ಎರಡು ನಿಮಿಷದ ಕೆಲಸ. ಮರೆತ ಕೊತ್ತಂಬರಿಯೂ ನೆನಪಾಗುತ್ತದೆ, ಬಿಡಿ ಬೇಳೆಯ ತೂಕವನ್ನೂ ಕಣ್ಣಾರೆ ಕಾಣುತ್ತೀಯ. ಭಾರವಾದದ್ದು, ಅಂದರೆ ಅಕ್ಕಿಚೀಲ, ಎಣ್ಣೆಯ ಡಬ್ಬ, ಅವರೇ ಮನೆಗೆ ತರಲಿ. ಮಗುವನ್ನು ಮುಂದೆ ನಿಲ್ಲಿಸಿಕೊಂಡು ಸ್ಕೂಟಿಯಲ್ಲಿ ಅಕ್ಕಿ ಸಾಗಿಸುವ ಸಾಹಸ ಬೇಡ.

ಮಳೆಗಾಲದ ಮಾತು ಹೇಳಲೇಬೇಕು. ನಾವೆಲ್ಲ ಮೇ ಮುಗಿಯುವುದರೊಳಗೆ ಮೆಣಸು, ಹುಣಸೆ, ಮುರುಗಲ ಸಿಪ್ಪೆ, ಒಣಮೀನು, ಹಪ್ಪಳ, ಸಾಣಿಕಟ್ಟೆಯ ಉಪ್ಪು ಕೂಡಿಟ್ಟವರು. ಫೋನ್ ಮಾಡಿದರೆ ಬರುವಾಗ ಇದೆಲ್ಲ ಯಾಕೆ ಎಂದು ನಿಮ್ಮ ಪ್ರಾಯದವರಿಗೆ ಅನಿಸಬಹುದು. ಆದರೆ 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು ಹೆದ್ದಾರಿ 66ರ ಮೇಲೆ ಬಿತ್ತು. ಜನ ಸತ್ತರು, ಕುಮಟೆಯ ಕಡೆಯಿಂದ ಬರುವ ಗಾಡಿಗಳು ದಿನಗಟ್ಟಲೆ ನಿಂತವು. ತಿಂಗಳು ತುಂಬುವುದರೊಳಗೆ, ಆಗಸ್ಟ್ 7ರ ನಡುರಾತ್ರಿ, ಕಾಳಿ ನದಿಯ ಹಳೆಯ ಸೇತುವೆಯೇ ಕುಸಿಯಿತು. ಘಟ್ಟದ ಮೇಲಿನ ತರಕಾರಿ ಇಳಿಯುವುದು ಅರಬೈಲ ಘಟ್ಟದಲ್ಲಿ. ಅಲ್ಲಿಯೂ ಮಣ್ಣು ಜರಿದದ್ದುಂಟು. ರಸ್ತೆ ಮುಚ್ಚಿದ ದಿನ ಅಂಗಡಿಯವರೂ ನಮ್ಮಂತೆಯೇ ಕೈಕಟ್ಟಿ ಕೂರಬೇಕು. ಅದಕ್ಕೆ ಜೂನ್ ಹಿಡಿಯುವ ಮೊದಲು ಹದಿನೈದು ದಿನಕ್ಕೆ ಸಾಲುವಷ್ಟು ಅಕ್ಕಿ, ಬೇಳೆ, ಬೆಲ್ಲ, ಮಗುವಿನ ಹಾಲಿನಪುಡಿ ಮನೆಯಲ್ಲಿರಲಿ. ರವೆ, ಹಿಟ್ಟನ್ನು ಮಾತ್ರ ರಾಶಿ ಹಾಕಬೇಡ. ನಮ್ಮ ತೇವಕ್ಕೆ ಅವು ಬೇಗ ಮುಗ್ಗಲು ಹಿಡಿಯುತ್ತವೆ, ಅರ್ಧರ್ಧ ಕಿಲೋ ತರಿಸಿ ಬಿಗಿ ಮುಚ್ಚಳದ ಡಬ್ಬಿಯಲ್ಲಿಡು.

ಹಣದ ವಿಷಯದಲ್ಲಿ ನನಗೆ ಭಯವಿರುವುದು ಅಂಗಡಿಯವರದ್ದಲ್ಲ, ಅಂಗಡಿಯವರೆಂದು ಹೇಳಿಕೊಂಡು ಫೋನ್ ಮಾಡುವವರದ್ದು. ‘ನಿಮ್ಮ ಸಾಮಾನಿನ ಹಣ ಹೆಚ್ಚಾಗಿ ಬಂದಿದೆ, ವಾಪಸು ಹಾಕುತ್ತೇವೆ, ಈ ಕೋಡ್ ಸ್ಕ್ಯಾನ್ ಮಾಡಿ, ಪಿನ್ ಒತ್ತಿ’ ಎಂದರೆ ಫೋನ್ ಇಟ್ಟುಬಿಡು. ನಮಗೆ ಹಣ ಬರುವುದಕ್ಕೆ ಪಿನ್ ಬೇಕಾಗಿಲ್ಲ. ಪಿನ್ ಒತ್ತಿದರೆ ಹಣ ಹೋಗುವುದೇ ಸರಿ. ಅಂಗಡಿಯ ನಂಬರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಬೇಡ, ಬಿಲ್ಲಿನ ಮೇಲಿನದನ್ನೇ ಬರೆದಿಟ್ಟುಕೋ. ಸಾಮಾನು ನೋಡಿ, ಬಿಲ್ ಕೂಡಿಸಿ, ಆಮೇಲೆ ಹಣ ಹಾಕು. ಎಲ್ಲ ಮೀರಿ ಮೋಸ ಹೋದರೆ ನಾಚಿಕೊಂಡು ಕೂರದೆ ಆ ಕ್ಷಣವೇ 1930ಕ್ಕೆ ಫೋನ್ ಮಾಡು. ಅಂಕೋಲೆಯವಳಿಗೆ ಈ ಸಂಖ್ಯೆ ಮರೆತುಹೋಗದು, ನಮ್ಮೂರಿನ ಉಪ್ಪಿನ ಸತ್ಯಾಗ್ರಹದ ಇಸವಿಯೇ ಅದು. ದೊಡ್ಡ ಆಪುಗಳಲ್ಲಿ ತರಿಸುವಾಗ ಇನ್ನೊಂದು ನೋಡು: ನಿನ್ನ ಮನೆಯ ಪಿನ್ ಕೋಡ್ ಬೇರೆ, ಅತ್ತೆ, ಮಾವ ಇರುವ ಅವರ್ಸೆಯದು ಬೇರೆ. ಒಂದೇ ಫೋನಿನಲ್ಲಿ ಎರಡೂ ಮನೆಯ ವಿಳಾಸ ಇದ್ದರೆ ಮಾವನ ಓಟ್ಸ್ ನಿನ್ನ ಮನೆಗೂ ಮಗುವಿನ ಡೈಪರ್ ಅವರ್ಸೆಗೂ ಹೋಗುತ್ತದೆ.

ತಂದುಕೊಡುವ ಹುಡುಗನ ಬಗ್ಗೆ ಎರಡು ಮಾತು. ಜಡಿಮಳೆಯಲ್ಲಿ ಒಂದು ಬಿಸ್ಕೀಟ್ ಪೊಟ್ಟಣಕ್ಕಾಗಿ ಅವನನ್ನು ಓಡಿಸಬೇಡ, ನಾಲ್ಕು ಸಾಮಾನು ಕೂಡಿಸಿ ಹೇಳು. ಮನೆಯ ಗುರುತು ಸರಿಯಾಗಿ ಹೇಳು, ಸಂಜೆಯಾದರೆ ಹೊರಗಿನ ದೀಪ ಹಾಕಿರು. ಒಂದು ಲೋಟ ನೀರು ಕೊಡು. ಅಂಗಡಿಯ ಬಾಕಿಯನ್ನೂ ಸಂಬಳವಾದ ವಾರದಲ್ಲೇ ತೀರಿಸು. ಉದ್ರಿ ಪುಸ್ತಕದಲ್ಲಿ ನಿನ್ನ ಹೆಸರು ಶುದ್ಧವಿದ್ದರೆ ಆಪತ್ತಿನಲ್ಲಿ ಅದೇ ಕೈಹಿಡಿಯುತ್ತದೆ. 2020ರ ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಮುಚ್ಚಿದಾಗ, ಮನೆಬಿಟ್ಟು ಹೊರಡಲಾಗದ ಮುದುಕರ ಪಾಲಿಗೆ ಅನ್ನದ ದಾರಿಯಾದದ್ದು ಗುರುತಿನ ಕಿರಾಣಿ ಅಂಗಡಿಗಳೇ. ಆಪಿನಲ್ಲಿ ಹತ್ತು ರೂಪಾಯಿ ಕಡಿಮೆ ಕಂಡಿತೆಂದು ಅಂಥವರನ್ನು ಪೂರ್ತಿ ಬಿಟ್ಟುಬಿಡಬೇಡ.

ಕೊನೆಗೆ ಅವರ್ಸೆಯ ಅತ್ತೆ, ಮಾವನ ಸಂಗತಿ. ಅವರಿಗೂ ಇಲ್ಲಿಂದಲೇ ಎಲ್ಲವನ್ನೂ ತರಿಸಿಕೊಡುತ್ತೇನೆ ಎಂದೆಯಲ್ಲ, ನಿನ್ನ ಮನಸ್ಸು ದೊಡ್ಡದು. ಆದರೆ ಎಲ್ಲವನ್ನೂ ತರಿಸಬೇಡ. ಮಾವ ಬೆಳಿಗ್ಗೆ ಚೀಲ ಹಿಡಿದು ಅಂಕೋಲೆ ಬಸ್ಸು ಹತ್ತುವುದು ಬದನೆಕಾಯಿಗಾಗಿ ಮಾತ್ರವಲ್ಲ. ಪೇಟೆಯಲ್ಲಿ ನಾಲ್ಕು ಜನ ಸಿಗುತ್ತಾರೆ, ಚಹಾ ಆಗುತ್ತದೆ, ಸಕ್ಕರೆ ಕಾಯಿಲೆಯ ಮೈಗೆ ನಡಿಗೆಯೂ ಆಗುತ್ತದೆ. ಸೊಪ್ಪು, ತರಕಾರಿ, ಮೀನು ಅವರ ಪಾಲಿಗೇ ಇರಲಿ. ಅಕ್ಕಿ, ಎಣ್ಣೆ, ಬೆಲ್ಲದಂಥ ಭಾರದ ಸಾಮಾನನ್ನು ಮಾತ್ರ ನೀನು ನೋಡಿಕೋ, ಅದನ್ನೂ ಕಾರವಾರದಿಂದ ಕಳಿಸದೆ ಅವರ ಊರಿನ, ಅವರಿಗೆ ಪರಿಚಯವಿರುವ ಅಂಗಡಿಗೇ ಹೇಳು. ಚೀಟಿಯನ್ನು ಅತ್ತೆ ಹೇಳಲಿ, ನೀನು ಬರೆ. ಅವರ ಅಡುಗೆಮನೆಯ ಲೆಕ್ಕ ಅವರ ಬಾಯಲ್ಲೇ ಇರಲಿ. ಗಾಡಿ ಹೊರಟ ಕೂಡಲೇ ಅವರಿಗೊಂದು ಫೋನ್ ಮಾಡು, ಇಲ್ಲದಿದ್ದರೆ ಅಪರಿಚಿತರೆಂದು ಬಾಗಿಲು ತೆಗೆಯುವುದಿಲ್ಲ, ತೆಗೆಯಲೂಬಾರದು. ಹಣವನ್ನು ನೀನು ಮೊದಲೇ ಹಾಕಿರುವೆ ಎಂಬುದೂ ಅವರಿಗೆ ಗೊತ್ತಿರಲಿ, ಬಾಗಿಲಲ್ಲಿ ಇನ್ನೊಮ್ಮೆ ಕೊಟ್ಟುಬಿಟ್ಟಾರು. ಮತ್ತೆ, ಅಕ್ಕಿಚೀಲವನ್ನು ಜಗಲಿಯಲ್ಲಿ ಇಳಿಸಿ ಹೋಗದೆ ಒಳಗೆ ಡಬ್ಬದ ಹತ್ತಿರವೇ ಇಟ್ಟು ಬರಲು ಆ ಹುಡುಗನಿಗೆ ಹೇಳು. ಹೊರಗಿಟ್ಟರೆ ನಿನ್ನ ಅತ್ತೆ ಯಾರಿಗೂ ಕಾಯದೆ ತಾವೇ ಎತ್ತಲು ಹೋಗುತ್ತಾರೆ.