ಅಕಾರದ ಅಳಿವು-ಉಳಿವು

ಕಳೆದ ನವರಾತ್ರಿಯ ಒಂದು ಸಂಜೆ ನನ್ನ ಮಗಳು ದೇವರ ಮುಂದೆ ಕುಳಿತು ಸ್ತೋತ್ರವನ್ನು ಪಠಿಸುತ್ತಿದ್ದಳು. ‘ಭಗವತೀ’ ಎಂಬ ಪದ ಅವಳ ಬಾಯಿಯಲ್ಲಿ ‘ಭಗ್‌ವತೀ’ ಎಂದಾಯಿತು. ಜಪಮಾಲೆ ಹಿಡಿದಿದ್ದ ನನ್ನ ತಾಯಿಯವರು ತಡೆದು ತಿದ್ದಿದರು. “ಶಾಲೆಯಲ್ಲಿ ಹೀಗೆಯೇ ಹೇಳುವುದು ಅಜ್ಜಿ. ಅಲ್ಲಿ ‘ರಾಮ’ ಎಂದರೆ ಎಲ್ಲರೂ ನಗುತ್ತಾರೆ” ಎನ್ನುವಾಗ ಮಗುವಿನ ಕಣ್ಣು ತುಂಬಿತು. ದೆಹಲಿಯಲ್ಲಿ ನೆಲೆಸಿರುವ ನಮ್ಮಲ್ಲಿ ಅನೇಕರ ಮನೆಯ ಮಾತಿದು. ಇಬ್ಬರಲ್ಲಿ ಯಾರು ಸರಿ?

ಸಂಸ್ಕೃತಕ್ಕೂ ಹಿಂದಿಗೂ ಇಂದು ಲಿಪಿ ಒಂದೇ, ದೇವನಾಗರಿ. ಆದರೆ ಉಚ್ಚಾರಣೆ ಒಂದೇ ಅಲ್ಲ. ಸಂಸ್ಕೃತದಲ್ಲಿ ಬರೆದ ಅಕಾರವನ್ನೆಲ್ಲ ಉಚ್ಚರಿಸಬೇಕು. ಹಿಂದಿಯಲ್ಲಿ ಪದಾಂತ್ಯದ ಅಕಾರವೂ, ಎಷ್ಟೋ ವೇಳೆ ನಡುವಣ ಅಕಾರವೂ ಲೋಪವಾಗುತ್ತದೆ. ರಾಮ, ಯೋಗ, ಪ್ರಸಾದ ಎಂಬುವು ರಾಮ್, ಯೋಗ್, ಪ್ರಸಾದ್ ಆಗುತ್ತವೆ. ಜನತಾ ಎಂಬುದು ಜನ್‌ತಾ ಆಗುತ್ತದೆ. ಇದು ಅಶುದ್ಧಿಯಲ್ಲ, ಆ ಭಾಷೆಯ ಧರ್ಮ. ಸೀತಾ, ಮಾಲಾ, ಸಂಧ್ಯಾ ಎಂಬುವನ್ನು ನಾವು ಸೀತೆ, ಮಾಲೆ, ಸಂಜೆ ಮಾಡಿಕೊಂಡಿಲ್ಲವೆ?

ಸ್ತೋತ್ರದ ಮಾತು ಬೇರೆ. ಅನುಷ್ಟುಪ್ ಶ್ಲೋಕಕ್ಕೆ 4 ಪಾದ, ಪಾದಕ್ಕೆ 8 ಅಕ್ಷರ, ಒಟ್ಟು 32. ‘ಭಗವತೀ’ ಎಂಬಲ್ಲಿ ಒಂದು ಅಕಾರ ಜಾರಿದರೆ 8 ಅಕ್ಷರ 7 ಆಗಿ ಛಂದಸ್ಸು ಕುಂಟುತ್ತದೆ.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಇಂಗ್ಲಿಷ್ ಅಕ್ಷರಗಳಲ್ಲಿ ಹ್ರಸ್ವ ದೀರ್ಘಗಳ ಭೇದ ಸಾಮಾನ್ಯವಾಗಿ ಕಾಣದಿರುವುದರಿಂದ ‘ಯೋಗ’ವು ‘ಯೋಗಾ’ ಆಗಿದೆ, ‘ಶಿವ’ನು ‘ಶಿವಾ’ ಆಗಿದ್ದಾನೆ. ಸಂಸ್ಕೃತದಲ್ಲಿ ಶಿವ ಎಂದರೆ ಈಶ್ವರ, ಶಿವಾ ಎಂದರೆ ಪಾರ್ವತೀದೇವಿ. ಅರ್ಚನೆಯಲ್ಲಿ ‘ಶಿವಾಯ ನಮಃ’ ಎಂದರೆ ಹೂವು ಸ್ವಾಮಿಗೆ, ‘ಶಿವಾಯೈ ನಮಃ’ ಎಂದರೆ ಅಮ್ಮನವರಿಗೆ. ಹಾಗೆಯೇ ಕೃಷ್ಣ ಎಂದರೆ ವಾಸುದೇವ, ಕೃಷ್ಣಾ ಎಂದರೆ ದ್ರೌಪದಿ. ಪಾಣಿನಿ ಮಹರ್ಷಿಗಳು ಸುಮಾರು 4000 ಸೂತ್ರಗಳ ತಮ್ಮ ಅಷ್ಟಾಧ್ಯಾಯಿಯನ್ನು ಮುಗಿಸಿದ್ದು ಈ ಪುಟ್ಟ ಅಕಾರದ ಸೂತ್ರದಿಂದಲೇ ಎಂಬುದನ್ನು ನೆನೆಯಬೇಕು.

ಹಾಗೆಂದು ಕನ್ನಡಿಗರು ಬೀಗುವಂತಿಲ್ಲ. ಭಾರತವನ್ನು ‘ಬಾರತ’ ಎಂದೂ ಧರ್ಮವನ್ನು ‘ದರ್ಮ’ ಎಂದೂ ಮಹಾಪ್ರಾಣವನ್ನು ನುಂಗುವವರು ನಮ್ಮಲ್ಲಿ ಕಡಮೆಯಿಲ್ಲ.

ಮಗಳಿಗೆ ನಾನು ಹೇಳಿದ್ದು ಇಷ್ಟೇ: “ಶಾಲೆಯಲ್ಲಿ ‘ರಾಮ್’ ಎನ್ನಮ್ಮ, ಅದು ಹಿಂದಿ. ದೀಪದ ಮುಂದೆ ‘ರಾಮ’ ಎನ್ನು, ಅದು ಸಂಸ್ಕೃತ. ಎರಡೂ ಸರಿ, ಸ್ಥಳ ಬೇರೆ.” ಮಗು ಮತ್ತೊಮ್ಮೆ ಮೊದಲಿನಿಂದ ಪಠಿಸಿತು. ‘ಭಗವತೀ’ ಎಂಬಲ್ಲಿ ನಾಲ್ಕು ಅಕ್ಷರಗಳೂ ಕೇಳಿಸಿದವು. ನನ್ನ ತಾಯಿಯವರು ಏನನ್ನೂ ಹೇಳದೆ ಅವಳ ಕೈಗೆ ಪ್ರಸಾದವನ್ನಿತ್ತರು.