ಕೈತಪ್ಪಿದ ಖಾತೆಯನ್ನು ಮರಳಿ ಪಡೆಯುವ ಕ್ರಮ



ಕಳೆದ ಕೊಯ್ಲಿನ ಸಮಯದಲ್ಲಿ ನನ್ನ ಹೆಸರಿನಿಂದ ತಮ್ಮಲ್ಲಿ ಹಲವರಿಗೆ ವಾಟ್ಸಾಪ್ ಮೂಲಕ ಹಣದ ಬೇಡಿಕೆ ಬಂದ ಸಂಗತಿ ತಮಗೆಲ್ಲ ತಿಳಿದೇ ಇದೆ. ಸಭೆಯಲ್ಲಿ ಈ ಬಗ್ಗೆ ವಿವರಣೆ ಕೊಟ್ಟಿದ್ದೇನೆ. ಆದರೂ ಇಂಥ ಸಂದರ್ಭದಲ್ಲಿ ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಅನಂತರ ಎಂಬುದನ್ನು ಬರೆದು ಕೊಡಬೇಕೆಂದು ಅನೇಕರು ಕೇಳಿದ್ದರಿಂದ ಈ ಲೇಖನ.

ನಡೆದದ್ದು ಇಷ್ಟು. ಅಂಗಳದಲ್ಲಿ ಅಡಿಕೆ ಹರವಿಸುತ್ತಿದ್ದಾಗ ಒಂದು ಕರೆ ಬಂತು. ಸಿಂಪರಣಾ ಯಂತ್ರದ ಬಿಡಿಭಾಗದ ಪಾರ್ಸೆಲ್ ಬಂದಿದೆ, ಹೊಳನಗದ್ದೆಯ ವಿಳಾಸ ಸಿಗುತ್ತಿಲ್ಲ, ತಲುಪಿಸುವ ಹುಡುಗನನ್ನು ಸಂಪರ್ಕಿಸಲು ಈ ಸಂಖ್ಯೆ ಒತ್ತಿರಿ ಎಂದರು. ನಾನು ನಿಜವಾಗಿಯೂ ಬಿಡಿಭಾಗ ತರಿಸಿದ್ದೆ. ಆ ಸಂಖ್ಯೆಯ ಮೊದಲಿಗೆ ನಕ್ಷತ್ರದ ಗುರುತು, ಕೊನೆಗೆ ಹ್ಯಾಶ್ ಗುರುತು ಇದ್ದುದನ್ನು ನೋಡಿಯೂ ಒತ್ತಿದೆ. ಆಮೇಲೆ ಒಂದು ತಾಸು ಫೋನು ತೀರ ಮೌನವಾಗಿತ್ತು. ಸುಖವಾಯಿತೆಂದೇ ಭಾವಿಸಿದೆ! ಕೊನೆಗೆ ಸದಸ್ಯರೊಬ್ಬರು ಬೈಕಿನಲ್ಲಿ ಮನೆಗೇ ಬಂದು, "ಹದಿನೆಂಟು ಸಾವಿರ ಕಳಿಸಿದೆ, ಮುಟ್ಟಿತೇ? ಎಷ್ಟು ಸಲ ಫೋನ್ ಮಾಡಿದರೂ ಯಾರೋ ಹಿಂದಿಯವ ಎತ್ತುತ್ತಾನೆ" ಎಂದಾಗ ನನಗೆ ಕೈಕಾಲು ಆಡಲಿಲ್ಲ.

ಇದರ ಒಳಮರ್ಮವನ್ನು ತಿಳಿದುಕೊಳ್ಳುವುದು ಅವಶ್ಯ. ಆ ನಕ್ಷತ್ರ ಹ್ಯಾಶ್‌ಗಳ ಸಂಖ್ಯೆ, ನಮಗೆ ಬರುವ ಕರೆಗಳನ್ನೆಲ್ಲ ಬೇರೊಬ್ಬರ ಫೋನಿಗೆ ತಿರುಗಿಸುವ ಆಜ್ಞೆ. ತೋಟಕ್ಕೆ ಬರುವ ನೀರನ್ನು ಮೇಲಿನ ಕಟ್ಟಿನಲ್ಲಿಯೇ ಬೇರೆ ಕಾಲುವೆಗೆ ಬಿಟ್ಟಂತೆ. ಕಳ್ಳನು ತನ್ನ ಫೋನಿನಲ್ಲಿ ನಮ್ಮ ಸಂಖ್ಯೆಯಿಂದ ವಾಟ್ಸಾಪ್ ತೆರೆಯಲು ಹೊರಡುತ್ತಾನೆ. ಆರು ಅಂಕಿಗಳ ಗುಪ್ತಸಂಖ್ಯೆಯನ್ನು ಸಂದೇಶದ ಬದಲು ಕರೆಯ ಮೂಲಕ ತಿಳಿಸಿರೆಂದು ಕೇಳುತ್ತಾನೆ. ಆ ಕರೆ ನಮಗೆ ಬಾರದೆ ನೇರವಾಗಿ ಅವನಿಗೇ ಹೋಗುತ್ತದೆ. ನಾವು ಯಾರಿಗೂ ಒ.ಟಿ.ಪಿ. ಹೇಳಿರುವುದಿಲ್ಲ, ಆದರೂ ಖಾತೆ ಹೋಗಿರುತ್ತದೆ.

2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಚಿತ್ರನಟ ಉಪೇಂದ್ರ ಮತ್ತು ಅವರ ಪತ್ನಿ ಪ್ರಿಯಾಂಕಾ ಅವರಿಗೂ ಇದೇ ರೀತಿಯ ವಂಚನೆಯಾಯಿತು. ಅಲ್ಲಿಯೂ ತರಿಸಿದ ವಸ್ತುವಿನ ನೆಪ, ಅಲ್ಲಿಯೂ ನಕ್ಷತ್ರ ಹ್ಯಾಶ್. ಅವರ ಪರಿಚಿತರಿಗೆ 55,000 ರೂಪಾಯಿಯ ಬೇಡಿಕೆ ಹೋಗಿ, ದಂಪತಿಗಳು ಸದಾಶಿವನಗರ ಠಾಣೆಗೆ ದೂರು ಕೊಟ್ಟರು. ಆ ಸುದ್ದಿಯನ್ನು ನಾನು ಓದಿದ್ದೆ. ಓದಿಯೂ ಒತ್ತಿದೆ ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ.

ಈಗ ಕ್ರಮಕ್ಕೆ ಬರೋಣ. ನಾನು ಮಾಡಿದ ಎರಡನೆಯ ತಪ್ಪು ಇಲ್ಲಿಯೇ. ಗಾಬರಿಯಿಂದ ಮೊದಲು ವಾಟ್ಸಾಪನ್ನು ಕಿತ್ತು ಮತ್ತೆ ಹಾಕಿ, ಗುಪ್ತಸಂಖ್ಯೆಯನ್ನು ಮೇಲಿಂದ ಮೇಲೆ ಕೇಳತೊಡಗಿದೆ. ಹಾಗೆ ಹಲವು ಸಲ ಕೇಳಿದರೆ ಇನ್ನಷ್ಟು ತಾಸು ಕಾಯಿರೆಂದು ಅದು ತಡೆಯುತ್ತದೆ. ಕರೆಯ ಮೂಲಕ ಕೇಳಿದರೆ ಅದು ಕಳ್ಳನಿಗೇ ಹೋಗುತ್ತದೆ. ಆದ್ದರಿಂದ ಮೊದಲು ಮುಚ್ಚಬೇಕಾದದ್ದು ಕರೆಯ ಕಾಲುವೆಯನ್ನು. ಫೋನಿನಲ್ಲಿ ##002# ಒತ್ತಿ ಕರೆ ಮಾಡಿದರೆ ತಿರುಗಿಸಿದ ಕರೆಗಳೆಲ್ಲ ರದ್ದಾಗುತ್ತವೆ. ಅನಂತರ *#21# ಒತ್ತಿ ಖಚಿತಪಡಿಸಿಕೊಳ್ಳಿರಿ. ಆಗದಿದ್ದರೆ ಫೋನಿನ ಕರೆ ಸೆಟ್ಟಿಂಗ್‌ನಲ್ಲಿ ಕಾಲ್ ಫಾರ್ವರ್ಡಿಂಗ್ ಎಂಬಲ್ಲಿ ತೆಗೆಯಬಹುದು, ಅಥವಾ ಸಿಮ್ ಕಂಪನಿಯ ಸಹಾಯವಾಣಿಗೆ ಹೇಳಬಹುದು. ಸಿಗ್ನಲ್ ಇಲ್ಲದಾಗ ಮಾತ್ರ ಕರೆ ಬೇರೆಡೆ ಹೋಗುವ ವ್ಯವಸ್ಥೆಯನ್ನು ಕೆಲವು ಕಂಪನಿಗಳು ತಾವಾಗಿಯೇ ಇಟ್ಟಿರುತ್ತವೆ. ಅದನ್ನು ಕಂಡು ಹೆದರಬೇಕಾಗಿಲ್ಲ.

ಇದಾದ ಮೇಲೆ ವಾಟ್ಸಾಪಿನಲ್ಲಿ ನಮ್ಮ ಸಂಖ್ಯೆ ಕೊಟ್ಟು, ಸಂದೇಶವಾಗಿ ಬಂದ ಆರಂಕಿಯನ್ನು ತುಂಬಬೇಕು. ತುಂಬಿದ ಕ್ಷಣವೇ ಕಳ್ಳನು ಹೊರಬೀಳುತ್ತಾನೆ. ಅವನು ಎರಡನೆಯ ಬೀಗವಾಗಿ ತನ್ನದೊಂದು ಪಿನ್ ಹಾಕಿಟ್ಟಿದ್ದರೆ ನಮಗೂ 7 ದಿನ ಒಳಗೆ ಹೋಗಲಾಗುವುದಿಲ್ಲ. ನನಗೆ ಹಾಗೆಯೇ ಆಯಿತು. ಆದರೂ ಧೈರ್ಯಗೆಡಬೇಡಿರಿ, ಆ ಏಳು ದಿನ ಅವನೂ ಒಳಗಿರುವುದಿಲ್ಲ. ಒಳಗೆ ಹೋದ ಮೇಲೆ ಲಿಂಕ್ಡ್ ಡಿವೈಸಸ್ ಎಂಬಲ್ಲಿ ಪರಿಚಯವಿಲ್ಲದ ಯಂತ್ರವಿದ್ದರೆ ತೆಗೆದುಹಾಕಬೇಕು.

ಈ ಮಧ್ಯೆ, ಇನ್ನೊಬ್ಬರ ಫೋನಿನಿಂದಾದರೂ ಎಲ್ಲರಿಗೂ ಸುದ್ದಿ ಮುಟ್ಟಿಸಬೇಕು. ನಾನು ಮರ್ಯಾದೆಗೆ ಅಂಜಿ, ಖಾತೆ ಸಿಕ್ಕಿದ ಮೇಲೆ ಹೇಳಿದರಾಯಿತೆಂದು ಮುಕ್ಕಾಲು ತಾಸು ಸುಮ್ಮನಿದ್ದೆ. ಆ ಮುಕ್ಕಾಲು ತಾಸಿನಲ್ಲಿಯೇ ಇನ್ನೊಬ್ಬ ಹಿರಿಯ ಸದಸ್ಯರು, ಕೊನೆಗೌಡರ ಕೂಲಿಗೆಂದು ತೆಗೆದಿಟ್ಟ ಹಣವನ್ನು ಕಾರ್ಯದರ್ಶಿ ಕೇಳಿದರಲ್ಲ ಎಂದು ಕಳಿಸಿಬಿಟ್ಟರು.

ಹಣ ಹೋದವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಕೇಂದ್ರ ಗೃಹ ಇಲಾಖೆಯ ಈ ಸಹಾಯವಾಣಿ 2021ರಲ್ಲಿ 155260 ಎಂಬ ಸಂಖ್ಯೆಯಿಂದ ಆರಂಭವಾಗಿ ಅನಂತರ 1930 ಆಯಿತು. ಹಣ ಕಳ್ಳನ ಬ್ಯಾಂಕ್ ಖಾತೆಯಿಂದ ಮುಂದಕ್ಕೆ ಹೋಗುವ ಮೊದಲು ಅದನ್ನು ತಡೆಹಿಡಿಸುವುದೇ ಇದರ ಕೆಲಸ. ಆದ್ದರಿಂದ ಇಲ್ಲಿ ಲೆಕ್ಕ ನಿಮಿಷಗಳದ್ದು. ವ್ಯವಹಾರದ ಉಲ್ಲೇಖ ಸಂಖ್ಯೆ, ವೇಳೆ, ಮೊತ್ತಗಳನ್ನು ಕೈಯಲ್ಲಿಟ್ಟುಕೊಂಡಿರಿ. ಲಿಖಿತ ದೂರನ್ನು ಕುಮಟಾ ಠಾಣೆಯಲ್ಲಿಯಾಗಲಿ, ಕಾರವಾರದ ಸಿ.ಇ.ಎನ್. ಠಾಣೆಯಲ್ಲಿಯಾಗಲಿ ಕೊಡಬಹುದು. ಬ್ಯಾಂಕಿಗೂ ಬರೆದು ತಿಳಿಸಿ ಸ್ವೀಕೃತಿ ಪಡೆಯಿರಿ. ಖಾತೆದಾರನ ತಪ್ಪಿಲ್ಲದೆ ಹೊರಗಿನವರಿಂದ ಹಣ ಹೋದಲ್ಲಿ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ಅವನ ಮೇಲೆ ಬೀಳಬಾರದೆಂದು 2017ರ ಜುಲೈ 6ರಂದು ರಿಸರ್ವ್ ಬ್ಯಾಂಕು ಸುತ್ತೋಲೆ ಹೊರಡಿಸಿತು. ಸಹಕಾರಿ ಬ್ಯಾಂಕುಗಳಿಗೆ ಅದೇ ವರ್ಷದ ಡಿಸೆಂಬರ್‌ನಲ್ಲಿ ಇಂಥದೇ ಸುತ್ತೋಲೆ ಬಂತು. ಆದರೆ ಮೋಸಹೋಗಿ ನಾವೇ ಕೈಯಾರೆ ಕಳಿಸಿದ ಹಣಕ್ಕೆ ಈ ಆಶ್ರಯ ಸಿಗುವುದು ಕಷ್ಟ.

ಇ-ಮೇಲ್ ಖಾತೆಯ ವಿಷಯ ಚಿಕ್ಕದು, ಆದರೆ ಮುಖ್ಯವಾದದ್ದು. ಏಕೆಂದರೆ ಬೇರೆ ಖಾತೆಗಳ ಬೀಗದ ಕೈ ಬದಲಿಸುವ ಪತ್ರಗಳು ಬರುವುದು ಅಲ್ಲಿಗೇ. ಜಿಮೇಲ್ ಕೈತಪ್ಪಿದರೆ, ಮರಳಿ ಪಡೆಯುವ ಪ್ರಯತ್ನವನ್ನು ತಾವು ಯಾವಾಗಲೂ ಬಳಸುವ ಫೋನಿನಿಂದಲೇ, ಯಾವಾಗಲೂ ಬಳಸುವ ಜಾಗದಿಂದಲೇ ಮಾಡಿರಿ. ಪೇಟೆಯ ಕಂಪ್ಯೂಟರ್ ಅಂಗಡಿಗೆ ಓಡಿದರೆ ತಾವೇ ಕಳ್ಳರಂತೆ ಕಾಣುತ್ತೀರಿ. ಸಿಕ್ಕಿದ ಮೇಲೆ ಪಾಸ್‌ವರ್ಡ್ ಬದಲಿಸಿದರೆ ಸಾಲದು. ಬಂದ ಪತ್ರಗಳನ್ನು ತನಗೆ ಕಳಿಸುವಂತೆ ಕಳ್ಳನು ಏರ್ಪಾಟು ಮಾಡಿಟ್ಟಿದ್ದಾನೆಯೇ, ಮರುಪ್ರಾಪ್ತಿಯ ಫೋನ್ ಸಂಖ್ಯೆ ನಮ್ಮದೇ ಇದೆಯೇ ಎಂಬುದನ್ನೂ ನೋಡಬೇಕು.

ಇನ್ನು ಮುಂಜಾಗ್ರತೆ. ವಾಟ್ಸಾಪಿನಲ್ಲಿ ಟೂ ಸ್ಟೆಪ್ ವೆರಿಫಿಕೇಶನ್ ಎಂಬಲ್ಲಿ ನಾವೇ ಮೊದಲು ಪಿನ್ ಹಾಕಿ, ಜೊತೆಗೆ ಇ-ಮೇಲ್ ವಿಳಾಸ ಕೊಟ್ಟಿಟ್ಟರೆ, ಆ ದಿನ ನನಗಾದ ವಂಚನೆ ಅರ್ಧ ದಾರಿಯಲ್ಲಿಯೇ ನಿಲ್ಲುತ್ತಿತ್ತು. ಪಿನ್ ಜನ್ಮವರ್ಷವಾಗಲಿ, ಯು.ಪಿ.ಐ. ಪಿನ್ ಆಗಲಿ ಆಗಿರಕೂಡದು. ಮದುವೆಯ ಕರೆಯೋಲೆ, ದಂಡದ ಚೀಟಿ, ಪಿ.ಎಂ. ಕಿಸಾನ್ ಎಂಬ ಹೆಸರಿನಲ್ಲಿ ಎ.ಪಿ.ಕೆ. ಎಂದು ಕೊನೆಯಾಗುವ ಕಡತ ಬಂದರೆ, ಕಳಿಸಿದವರು ಸ್ವಂತ ಅಣ್ಣನಾದರೂ, ತೆರೆಯಬೇಡಿರಿ. ಅದು ಫೋನಿನ ಸಂದೇಶಗಳನ್ನೇ ಓದಬಲ್ಲದು. ಫೋನಿನ ಸಿಗ್ನಲ್ ಒಮ್ಮೆಲೇ ಸತ್ತರೆ ನಮ್ಮ ಸಿಮ್ಮನ್ನು ಬೇರೊಬ್ಬರು ಪಡೆದಿರಬಹುದು. ಮಳೆಗಾಲದಲ್ಲಿ ನಮ್ಮೂರಲ್ಲಿ ದಿನಕ್ಕೆ ನಾಲ್ಕು ಸಲ ಸಾಯುತ್ತದೆ, ಘಟ್ಟದ ಮೇಲಿನ ಕಾಫಿ ಬೆಳೆಗಾರರ ಪಾಡೂ ಬೇರೆಯಲ್ಲ. ಅದೇ ಕಂಪನಿಯ ಸಿಮ್ ಇರುವ ನೆರೆಯವರನ್ನು ಕೇಳಿರಿ. ಅವರದು ನಡೆಯುತ್ತಿದ್ದು ನಮ್ಮದು ಮಾತ್ರ ನಿಂತಿದ್ದರೆ ಕೂಡಲೇ ಗುರುತಿನ ಚೀಟಿಯೊಂದಿಗೆ ಕಂಪನಿಯ ಅಂಗಡಿಗೆ ಹೋಗಬೇಕು.

ಸಂಘದ ಮಟ್ಟಿಗೆ ಒಂದು ತೀರ್ಮಾನವಾಗಿದೆ. ಸಂಘವಾಗಲಿ, ನಾನಾಗಲಿ ಇನ್ನು ಮುಂದೆ ಹಣದ ವಿಷಯವನ್ನು ವಾಟ್ಸಾಪಿನಲ್ಲಿ ಬರೆಯುವುದಿಲ್ಲ. ರಸೀದಿ ಪುಸ್ತಕವೇ ಪ್ರಮಾಣ. ಪಿನ್ ಹಾಕಲು ತಿಳಿಯದವರು ಮಂಗಳವಾರ ಮಧ್ಯಾಹ್ನ ಮೂರರ ಮೇಲೆ ಫೋನಿನೊಂದಿಗೆ ಕಚೇರಿಗೆ ಬರಬಹುದು. ತೋರಿಸಿಕೊಡುತ್ತೇವೆ, ಆದರೆ ಸಂಖ್ಯೆಯನ್ನು ತಾವೇ ಒತ್ತಬೇಕು, ನಮಗೆ ಹೇಳಬಾರದು. ಬೈಕಿನಲ್ಲಿ ಬಂದ ಸದಸ್ಯರು ನನ್ನ ಅಂಗಳದಿಂದಲೇ 1930ಕ್ಕೆ ಕರೆ ಮಾಡಿದ್ದರಿಂದ ಅವರ ಹಣ ತಡೆಹಿಡಿಯಲ್ಪಟ್ಟು ಈಚೆಗೆ ಮರಳಿ ಬಂತು. ಹಿರಿಯರ ಹಣ ಬಂದಿಲ್ಲ. ಅದನ್ನು ನನ್ನ ಚಾಲಿಯ ಲೆಕ್ಕದಿಂದ ಎರಡು ಕಂತುಗಳಲ್ಲಿ ಕೊಡುವುದಾಗಿ ಒಪ್ಪಿಸಿದ್ದೇನೆ, ಮೊದಲ ಕಂತು ಸಂದಾಯವಾಗಿದೆ.