ಸೂತ್ರ ಬಾಯಿಪಾಠ, ಲೆಕ್ಕ ಮಾತ್ರ ಬರೋದಿಲ್ಲ

ಶಿಡ್ಲಘಟ್ಟದಿಂದ ಪತ್ರ ಬರೆದ ಮಗಳೇ,

ಭೌತವಿಜ್ಞಾನದ ಲೆಕ್ಕ ಕಂಡರೆ ಕೈಯೇ ಓಡೋದಿಲ್ಲ ಅಂದಿದ್ದೀಯ. ನೀನು ಸೂತ್ರಕ್ಕೆ ಕೈ ಹಾಕುವುದೇ ತುಸು ಬೇಗ ಅನ್ನಿಸುತ್ತದೆ. ಮೊದಲು ಚಿತ್ರ ಬರಿ. ಕೊಟ್ಟಿದ್ದೇನು, ಕೇಳಿದ್ದೇನು, ಏಕಮಾನ ಯಾವುದು ಎಂದು ಪಕ್ಕದಲ್ಲೇ ಗುರುತು ಹಾಕು.

ನಿಮ್ಮ ಹಿಪ್ಪುನೇರಳೆ ತೋಟದ ಬೋರ್‌ವೆಲ್ಲನ್ನೇ ತಗೋ. ನೀರು 1000 ಅಡಿ ಕೆಳಗಿದೆ ಅನ್ನೋಣ. ಅಡಿಯಲ್ಲೇ ಲೆಕ್ಕಕ್ಕಿಳಿದರೆ ಅಲ್ಲೇ ಕೆಟ್ಟಿತು. ಮೀಟರಿಗೆ ತಂದರೆ ಸುಮಾರು 300. ಒಂದು ಲೀಟರ್ ನೀರೆಂದರೆ 1 ಕಿಲೋಗ್ರಾಂ. ಅದನ್ನು ಮೇಲೆತ್ತುವ ಕೆಲಸ 1 × 9.8 × 300, ಅಂದರೆ 2940 ಜೂಲ್. ಮೋಟಾರು 10 ಎಚ್‌ಪಿಯದಾದರೆ, ಒಂದು ಎಚ್‌ಪಿಗೆ 746 ವ್ಯಾಟ್‌ನಂತೆ, ಸೆಕೆಂಡಿಗೆ 7460 ಜೂಲ್. ಭಾಗಿಸು: ಸೆಕೆಂಡಿಗೆ ಸುಮಾರು ಎರಡೂವರೆ ಲೀಟರ್.

ಈಗ ತೋಟಕ್ಕೆ ಹೋಗಿ ಬಿಂದಿಗೆ ಹಿಡಿದು ನೋಡು (ಕರೆಂಟಿದ್ದಾಗ!). ಅಷ್ಟು ಬರೋದಿಲ್ಲ. ಪೈಪಿನ ಘರ್ಷಣೆಗೆ, ಮೋಟಾರಿನ ಬಿಸಿಗೆ ಒಂದು ಪಾಲು ಹೋಗಿರುತ್ತದೆ. ಆದರೆ ನಿನ್ನ ಉತ್ತರ ಇಪ್ಪತ್ತೈದು ಲೀಟರ್ ಅಂತ ಬಂದಿದ್ದರೆ, ಎಲ್ಲೋ ದಶಮಾಂಶದ ಚುಕ್ಕಿ ಜಾರಿದೆ ಎಂದೇ ಅರ್ಥ. ಅದನ್ನು ಹಿಡಿಯಲು ಮೇಷ್ಟ್ರು ಬೇಡ, ತೋಟಕ್ಕೆ ನೀರು ಕಟ್ಟುವ ನಿಮ್ಮಪ್ಪ ಸಾಕು.

ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಭೌತವಿಜ್ಞಾನ ಕಲಿಸಿದವರು. ಯಾವುದನ್ನೂ ಪ್ರಶ್ನಿಸದೆ ಒಪ್ಪಬಾರದು ಎನ್ನುತ್ತಿದ್ದರು. ನೀನು ನಿನ್ನ ಉತ್ತರವನ್ನೂ ಹಾಗೇ ಕೇಳು.

ದಿನಕ್ಕೆ ಎರಡೇ ಲೆಕ್ಕ ಮಾಡು, ಗೈಡ್ ಮುಚ್ಚಿಟ್ಟು. ಮುಂದಿನ ಪತ್ರದಲ್ಲಿ ಅರ್ಧಕ್ಕೆ ನಿಂತ ಒಂದು ಲೆಕ್ಕವನ್ನು, ನಿಂತ ಜಾಗದವರೆಗೆ, ಹಾಗೇ ಬರೆದು ಕಳಿಸು.